ಕಲ್ಲಿಗೆ ಹಾಸಿದ ನೇರಳೆ

ಬಂಡೆಗುಡ್ಡದ ಆ ಆಶ್ರಮದಲ್ಲಿ ಒಂದು ಪದ್ಧತಿ. ಸೇರುವವನು ಹೊಳೆಯಿಂದ ಒಂದು ಚಪ್ಪಟೆ ಕಲ್ಲನ್ನು ತಾನೇ ಹೊತ್ತು ತರಬೇಕು. ಬದುಕಿರುವವರೆಗೆ ಅದರ ಮೇಲೆ ಕೂತು ಧ್ಯಾನ. ಸತ್ತ ಮೇಲೆ ಅದೇ ಸಮಾಧಿಯ ಕಲ್ಲು.

ಬಂಡೆಗಳ ಸಂದಿಯಲ್ಲಿ ಒಂದು ಹಬ್ಬುಗಿಡವಿತ್ತು. ಚಾಪೆಯಂತೆ ನೆಲಕ್ಕಂಟಿ ಹರಡಿ, ಮೈತುಂಬ ನೇರಳೆ ಬಣ್ಣದ ಹೂ ಬಿಡುತ್ತಿತ್ತು. ಹೋದ ವರ್ಷ ಅದು ಇಬ್ಬರ ಕಲ್ಲು ಹತ್ತಿತು. ಇಬ್ಬರೂ ಯುಗಾದಿ ಕಾಣಲಿಲ್ಲ.

ಈ ಸಲ ಅದು ಮುರಿಗೆಪ್ಪನ ಕಲ್ಲಿಗೆ ಬಂತು.

ಮುರಿಗೆಪ್ಪ ಶಿಷ್ಯರಲ್ಲೇ ಗಟ್ಟಿಗ. ದೇಹ ನಶ್ವರ ಎಂದು ಬಂದವರಿಗೆಲ್ಲ ಬೋಧಿಸುತ್ತಿದ್ದವನೇ ಅವನು. ಈಗ ಪಾಪ, ಕಂಡ ಕೂಡಲೇ ಬಳ್ಳಿಯನ್ನು ಕಿತ್ತೆಸೆದ. ಮರುದಿನ ಮತ್ತೆ ಅಲ್ಲೇ ಇತ್ತು.

ಗುರು ಅಡವಯ್ಯಜ್ಜರ ಬಳಿ ಹೋದ. "ಅಜ್ಜಾರ, ಆ ಗಿಡದ ಹೆಸರೇನ್ರಿ?"

"ಯಾರ ಕಲ್ಲಿಗೆ ಬರತೈತೋ ಅವರ ಹೆಸರು."

ಮುರಿಗೆಪ್ಪ ಕಲ್ಲನ್ನೇ ಹೊತ್ತು ಗುಡ್ಡದ ಆಚೆ ಬದಿಗೆ ಇಟ್ಟ. ಅಲ್ಲಿಗೂ ಬಂತು, ಎರಡು ಹೂ ಹೆಚ್ಚಿಗೆ ಬಿಟ್ಟುಕೊಂಡು.

ಎಂಟನೆಯ ದಿನ ಅವನು ಅದನ್ನು ಹರಿಯದಂತೆ ಮೆಲ್ಲಗೆ ಸುಲಿದು ತೆಗೆದ. ಗುರುವಿನ ಕಲ್ಲಿನ ಮೇಲೆ ಹಾಸಿದ. ಅಜ್ಜರಿಗೆ ತೊಂಬತ್ತಾಯಿತು, ಅವರಿಗೇನು ಭಯ ಎಂದುಕೊಂಡ.

ಬೆಳಗಾದಾಗ ಅವನ ಕಲ್ಲು ತೊಳೆದಂತೆ ಬರಿದಾಗಿತ್ತು. ಗುರುವಿನ ಕಲ್ಲು ಕಾಣದಷ್ಟು ಹೂ.

ಅಜ್ಜ ಬಂದು ನೋಡಿದರು. "ಯಾರು ಹಾಸಿದ್ದೋ ಇದು?"

ಮುರಿಗೆಪ್ಪ ಕಾಲಿಗೆ ಬಿದ್ದು ಅತ್ತ. "ನಾನ್ರಿ ಅಜ್ಜಾರ. ಸಾಯಾಕ ಅಂಜಿದೆ. ತಪ್ಪಾತ್ರಿ, ಈಗಲೇ ತೆಗೀತೀನಿ."

"ಬ್ಯಾಡ." ಅಜ್ಜ ಹೂವಿನ ಮೇಲೆ ಕೂತರು. "ಮೆತ್ತಗೈತಿ."

ಗಾಳಿ ಇರಲಿಲ್ಲ. ಆದರೂ ಬಳ್ಳಿಯ ಒಂದು ಎಳೆ ಅಲುಗಿ ಅವರ ಪಾದ ಹತ್ತಿತು. ಮುರಿಗೆಪ್ಪ ಕೀಳಲು ಕೈ ಚಾಚಿದ. ಅಜ್ಜ ಆ ಕೈ ಹಿಡಿದರು. ಅವರ ಬೆರಳುಗಳು ಆಗಲೇ ಕಲ್ಲಿನಷ್ಟು ತಣ್ಣಗಿದ್ದವು.

"ಎಂಟು ದಿನ ಏನ್ ಮಾಡಿದೆಪಾ?"

"ಇದನ್ನ ಕೀಳತಿದ್ದೆರಿ."

"ಮತ್ತ?"

"ಮತ್ತೇನಿಲ್ರಿ."

ಎಳೆ ಮೊಣಕಾಲಿಗೆ ಬಂದಿತ್ತು. ಅಜ್ಜ ಅದರ ಕಡೆ ನೋಡಲೇ ಇಲ್ಲ.

"ನಿನ್ನ ಸಾವು ನಾ ತಗೊಂಡೆ. ಕೀಳೂ ಕೆಲಸಾನೂ ಮುಗೀತು. ಇನ್ನ ನಾಳೆ ಮುಂಜಾನೆ ಎದ್ದು ಏನ್ ಮಾಡ್ತಿ, ಹೇಳು?"