ಕುಂಬಾರಗಿತ್ತಿ ಕೇಳದ ಕತೆ

‘ಬುದ್ಧಿ, ನಾನು ಈ ಮಠ ಬಿಟ್ಟು ಹೊಳೆಯಾಚೆಯ ಮಠಕ್ಕೆ ಹೋಗಲೇ?’ ಎಂದು ಮರಿದೇವ ಗುರುಗಳನ್ನು ಕೇಳಿದ.

‘ಇಲ್ಲಿ ಏನು ಕಡಿಮೆಯಾಯಿತು?’

‘ಅಣ್ಣಂದಿರು ನನ್ನನ್ನು ಹೊಡೆದು ಮನೆಯಿಂದ ಹೊರಗೆ ಹಾಕಿದರು. ಆ ಸಂಕಟ ಹೊತ್ತುಕೊಂಡು ನಿಮ್ಮ ಹತ್ತಿರ ಬಂದೆ. ನಿನಗೆ ಏನಾಯಿತಪ್ಪ ಎಂದು ನೀವು ಒಂದು ಸಲವಾದರೂ ಕೇಳಿದಿರಾ? ಬಂದ ದಿನವೇ ಕೊಟ್ಟಿಗೆ ಗುಡಿಸು ಎಂದಿರಿ. ಮೊನ್ನೆ ಆ ಮಠದ ಗುರುಗಳು ನನ್ನ ಕತೆಯೆಲ್ಲ ಕೇಳಿ ಕಣ್ಣೀರು ಹಾಕಿದರು. ಇಲ್ಲೇ ಇದ್ದುಬಿಡು ಎಂದರು.’

ಗುರುಗಳು ಹೇಳಿದರು: ಕೂತುಕೋ. ಮೂಗು ಒರೆಸಿಕೋ. ಒಂದು ನಾಯಿಯ ಕತೆ ಹೇಳುತ್ತೇನೆ. ನನ್ನನ್ನು ನಾಯಿಗೆ ಹೋಲಿಸಿದರು ಎಂದು ಅದಕ್ಕೂ ಬೇಜಾರು ಮಾಡಿಕೊಳ್ಳಬೇಡ.

ಒಬ್ಬ ಗಾಣಿಗನಿದ್ದ. ಅವನಿಗೆ ದಾರಿಯಲ್ಲಿ ಒಂದು ನಾಯಿ ಸಿಕ್ಕಿತು. ಮರಿಯಾಗಿದ್ದಾಗ ಯಾರೋ ಅದರ ಕುತ್ತಿಗೆಗೆ ಹಗ್ಗ ಕಟ್ಟಿದ್ದರು. ನಾಯಿ ಬೆಳೆಯಿತು, ಹಗ್ಗ ಬೆಳೆಯಲಿಲ್ಲ. ಅದು ಮಾಂಸದೊಳಗೆ ಇಳಿದು ಹೋಗಿತ್ತು. ಗಾಣಿಗ ಹಗ್ಗ ಕತ್ತರಿಸಿ ತೆಗೆದ. ದಿನವೂ ಅರಿಶಿನ ಕಲಸಿದ ಎಣ್ಣೆ ಹಚ್ಚಿದ. ಅಂಬಲಿ ಕುಡಿಸಿದ. ಗಾಯ ಮಾಯಿತು, ನಾಯಿ ಎದ್ದು ಓಡಾಡಿತು.

ಆದರೆ ಅದನ್ನು ಅವನು ಇಟ್ಟುಕೊಳ್ಳುವಂತಿರಲಿಲ್ಲ. ಗಾಣದ ಎತ್ತಿಗೆ ಕಣ್ಣು ಕಟ್ಟಿರುತ್ತಾರಲ್ಲ, ನಾಯಿ ಹತ್ತಿರ ಸುಳಿದರೆ ಸಾಕು, ಬೆದರಿ ನಿಂತುಬಿಡುತ್ತಿತ್ತು. ಎತ್ತು ನಿಂತರೆ ಅವನ ಮನೆಯ ಒಲೆಯೂ ಉರಿಯುವುದಿಲ್ಲ. ಬೀದಿಗೆ ಬಿಟ್ಟರೆ ಬೀದಿನಾಯಿಗಳು ಅದನ್ನು ಹರಿದು ಹಾಕುತ್ತವೆ. ಒಳ್ಳೆಯ ಮನೆಯೊಂದನ್ನು ಹುಡುಕಲೇಬೇಕಾಗಿತ್ತು. ಎಣ್ಣೆ ಮಾರಲು ಹೋದ ಕಡೆಯಲ್ಲೆಲ್ಲ ಅವನು ನಾಯಿಯ ಕತೆ ಹೇಳಿದ. ಯಾರು ಹೆಚ್ಚು ಮರುಗುತ್ತಾರೋ ಅವರಿಗೇ ಕೊಡುವುದು ಎಂದುಕೊಂಡಿದ್ದ.

ಒಬ್ಬ ಜವಳಿ ವ್ಯಾಪಾರಿ ಕತೆ ಕೇಳಿ ಗಳಗಳನೆ ಅತ್ತುಬಿಟ್ಟ. ‘ಇನ್ನು ಮೇಲೆ ಇದು ನನ್ನ ಮಗು’ ಎಂದ. ನಾಯಿಗೆ ಹಾಲು ಅನ್ನ, ಮಲಗಲು ಮೆತ್ತೆ. ಅವನದು ಕಳ್ಳ ಅಳು ಎನ್ನಬೇಡ, ನಿಜವಾಗಿಯೂ ಒಳ್ಳೆಯವನೇ. ಆದರೆ ಅಂಗಡಿಗೆ ಯಾರು ಬಂದರೂ ನಾಯಿಯನ್ನು ಕರೆಯುತ್ತಿದ್ದ. ಕುತ್ತಿಗೆಯ ಕೂದಲು ಬಿಡಿಸಿ ಗಾಯದ ಗುರುತು ತೋರಿಸುತ್ತಿದ್ದ. ಬಂದವರು ‘ಅಯ್ಯೋ ಪಾಪ’ ಎಂದು ಮುಟ್ಟಿ ನೋಡುತ್ತಿದ್ದರು. ಬರಬರುತ್ತಾ ಯಾರು ಬಂದರೂ ನಾಯಿ ಕುತ್ತಿಗೆ ಒಳಗೆಳೆದುಕೊಂಡು ಮಂಚದ ಕೆಳಗೆ ಸೇರತೊಡಗಿತು. ಅನ್ನ ಬಿಟ್ಟಿತು. ಒಂದು ದಿನ ಗುರುತು ತೋರಿಸಲು ಹೋದ ವ್ಯಾಪಾರಿಯ ಕೈಗೇ ಬಾಯಿ ಹಾಕಿತು.

‘ಇಷ್ಟು ಪ್ರೀತಿ ಮಾಡಿದರೂ ಕಚ್ಚಿತಲ್ಲ’ ಎಂದು ಅವನು ನೊಂದುಕೊಂಡು ನಾಯಿಯನ್ನು ಹಿಂದಕ್ಕೆ ತಂದುಬಿಟ್ಟ.

ಈ ಗಾಣಿಗನ ಬುದ್ಧಿ ನೋಡು! ವ್ಯಾಪಾರಿಯ ಮರುಕ ಸಾಲದಾಯಿತು, ಇನ್ನೂ ಹೆಚ್ಚು ಮರುಗುವವರು ಬೇಕು ಎಂದುಕೊಂಡ. ನಾಯಿಯನ್ನು ಜೊತೆಯಲ್ಲೇ ಕರೆದುಕೊಂಡು ಮನೆಮನೆ ತಿರುಗಿದ. ಹೀಗೆ ಒಬ್ಬ ಕುಂಬಾರಗಿತ್ತಿಯ ಮನೆಯ ಮುಂದೆ ನಿಂತು ಕತೆ ಶುರು ಮಾಡಿದ. ಅವಳು ಮಣ್ಣು ಕಲಸುತ್ತಿದ್ದಳು. ಅರ್ಧಕ್ಕೇ ತಡೆದಳು.

‘ಕತೆ ಆಮೇಲೆ ಹೇಳುವೆಯಂತೆ. ಹಸಿ ಮಡಕೆ ಒಣಗಲು ಇಟ್ಟರೆ ಹಂದಿಗಳು ಬಂದು ತುಳಿದು ಹಾಕುತ್ತವೆ. ಇದು ಹಂದಿ ಅಟ್ಟುತ್ತದೆಯೋ?’

‘ಅಟ್ಟಬಹುದು ತಾಯಿ. ಆದರೆ ಇದು ಎಂಥ ಕಷ್ಟ...’

‘ಹಾಗಾದರೆ ಬಿಟ್ಟು ಹೋಗು. ನಾವು ತಿನ್ನುವ ಮುದ್ದೆಯಲ್ಲೇ ಒಂದು ಚೂರು ಹಾಕುತ್ತೇನೆ.’

ಅಷ್ಟರಲ್ಲಿ ನಾಯಿ ಒಂದು ಹಸಿ ಮಡಕೆಯ ಮೇಲೆ ಕಾಲಿಟ್ಟಿತು. ‘ಹಚಾ! ನಿನ್ನ ಕಾಲು ಸೇದುಹೋಗ!’ ಎಂದು ಅವಳು ಮಣ್ಣಿನ ಉಂಡೆ ಬೀಸಿದಳು. ಗಾಣಿಗ ನಾಯಿಯನ್ನು ತನ್ನತ್ತ ಎಳೆದುಕೊಂಡ. ಆದರೆ ಮನೆಗೆ ಕರೆದುಕೊಂಡು ಹೋದರೆ ಎತ್ತು ನಿಲ್ಲುತ್ತದೆ. ಬೇರೆ ಮನೆ ಸಿಕ್ಕುವವರೆಗೆ ಇಲ್ಲಿರಲಿ ಎಂದು ಒಲ್ಲದ ಮನಸ್ಸಿನಿಂದ ಬಿಟ್ಟು ಹೋದ.

ಮತ್ತೆ ಆ ಕಡೆ ಎಣ್ಣೆ ಮಾರಲು ಬಂದಾಗ, ಬೇರೆ ಯಾರಿಗಾದರೂ ಕೊಡೋಣವೆಂದು ನಾಯಿಯನ್ನು ಕರೆದುಕೊಂಡು ಹೋಗುವುದೆಂದೇ ನಿಶ್ಚಯಿಸಿದ್ದ. ನಾಯಿ ಅವನನ್ನು ಕಂಡು ಓಡಿಬಂತು. ಕೈ ನೆಕ್ಕಿತು, ಮೈಗೆ ಮೈ ಉಜ್ಜಿತು. ‘ಬಾ, ಹೋಗೋಣ’ ಎಂದ. ಆಗ ಬೇಲಿಯ ಕಡೆ ಹಂದಿಯ ಸದ್ದಾಯಿತು. ನಾಯಿ ಅವನನ್ನು ಅಲ್ಲೇ ಬಿಟ್ಟು ಓಡಿತು. ಹಂದಿಗಳನ್ನು ಕೆರೆಯವರೆಗೂ ಅಟ್ಟಿಸಿಕೊಂಡು ಹೋಗಿ, ಬಂದು ಮಡಕೆಗಳ ಮಗ್ಗುಲಲ್ಲಿ ಮಲಗಿತು. ಗಾಣಿಗ ಕರೆದರೆ ಬಾಲ ಅಲ್ಲಾಡಿಸಿತೇ ಹೊರತು ಬೇಲಿಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.

ಗಾಣಿಗನಿಗೆ ಒಳಗೊಳಗೇ ಸಿಟ್ಟು ಬಂತು. ‘ತಾಯಿ, ಇದರ ಕುತ್ತಿಗೆ ಎಂದಾದರೂ ನೋಡಿದ್ದೀಯಾ?’ ಎಂದ.

‘ಕುತ್ತಿಗೆಗೆ ಏನಾಗಿದೆ?’ ಎಂದು ಅವಳು ಮಡಕೆ ತಿರುಗಿಸುವ ತಿಗರಿಯಿಂದ ಕಣ್ಣೆತ್ತದೆಯೇ ಕೇಳಿದಳು.

ತೋರಿಸೋಣವೆಂದು ಅವನು ನಾಯಿಯ ಹತ್ತಿರ ಹೋಗಿ ಕೂತ. ಕೂದಲು ಒತ್ತಾಗಿ ಬೆಳೆದಿತ್ತು. ಅದನ್ನು ಬಿಡಿಸಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ನಾಯಿಯ ತಲೆ ಸವರಿ ಎದ್ದ.

‘ಏನೂ ಆಗಿಲ್ಲ ತಾಯಿ’ ಎಂದ. ಅವಳಿಗೆ ಎಣ್ಣೆ ಅಳೆದು ಕೊಟ್ಟು ಹೊರಟುಹೋದ.

ಗುರುಗಳು ಇಷ್ಟಕ್ಕೆ ಕತೆ ಮುಗಿಸಿದರು. ಮರಿದೇವ ಕೇಳಿದ: ‘ಹಾಗಾದರೆ ಬುದ್ಧಿ, ನನಗಾಗಿ ಅತ್ತವರ ಪ್ರೀತಿ ಸುಳ್ಳೇ?’

‘ಸುಳ್ಳು ಎಂದು ನಾನು ಎಲ್ಲಿ ಹೇಳಿದೆ? ಅತ್ತ ಮೇಲೆ ಅವರು ನಿನಗೆ ಏನು ಕೆಲಸ ಹೇಳಿದರು?’

ಮರಿದೇವ ಎದ್ದು ಪೊರಕೆ ಹಿಡಿದು ಕೊಟ್ಟಿಗೆಯ ಕಡೆ ನಡೆದ.