ಬೆಳ್ಗಣ್ಣ ಹಕ್ಕಿಗಳು ಒತ್ತಿಕೊಂಡು ಕೂರುವುದೇಕೆ?

ಲೋಕ ಆಗಷ್ಟೇ ಹುಟ್ಟಿ, ಬೆಟ್ಟಗಳ ಮಣ್ಣು ಇನ್ನೂ ಹಸಿಹಸಿಯಾಗಿದ್ದ ಕಾಲ. ಜಪಾನಿನ ದ್ವೀಪಗಳಲ್ಲಿ ಆಗಲೇ ಎಂಬತ್ತು ಲಕ್ಷ ದೇವತೆಗಳು! ಬೆಟ್ಟಕ್ಕೊಬ್ಬ, ತೊರೆಗೊಬ್ಬಳು, ಬೀಸುವ ಕಲ್ಲಿಗೂ ಒಬ್ಬ. ಒಂದು ಪುಟ್ಟ ಗದ್ದೆಯನ್ನು ನೋಡಿಕೊಳ್ಳುತ್ತಿದ್ದವಳು ಹೊನಾಮಿ ಎಂಬ ದೇವತೆ.

ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಹೊತ್ತಿಗೆ, ದೇವತೆಗಳೆಲ್ಲ ಇಜುಮೊ ಎಂಬಲ್ಲಿಗೆ ಸಭೆಗೆ ಹೋಗಬೇಕು. ತಿಂಗಳಿಡೀ ಸಭೆ. ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ.

ಆ ವರ್ಷ ಹೊನಾಮಿಗೆ ಹೋಗಲು ಮನಸ್ಸೇ ಇರಲಿಲ್ಲ. ಅವಳ ಗದ್ದೆಯಲ್ಲಿ ಮೊಟ್ಟಮೊದಲ ಸಲ ಭತ್ತ ಬೆಳೆದಿತ್ತು. ಬಿತ್ತನೆಯ ಕಾಳನ್ನು ಹುಲ್ಲಿನಲ್ಲಿ ಸುತ್ತಿ ಒಂದೇ ಒಂದು ಮುಡಿ ಕಟ್ಟಿಟ್ಟಿದ್ದಳು. ಕಟ್ಟಿ ಮುಗಿಸುವಷ್ಟರಲ್ಲಿ ಹುಲ್ಲು ಸಾಲದೆ, ಮೇಲೆ ಗೇಣುದ್ದದ ಸೀಳು ಉಳಿದುಬಿಟ್ಟಿತ್ತು. ಅದರೊಳಗೆ ಹಿಮ ಇಳಿದರೆ ಕಾಳು ಕೊಳೆಯುತ್ತದೆ. ಕಾಳು ಕೊಳೆತರೆ ಊರಿನ ಮಕ್ಕಳಿಗೆ ಮುಂದಿನ ವರ್ಷ ಅನ್ನವಿಲ್ಲ.

"ನಾನು ಕಾಯ್ತೀನಮ್ಮಾ" ಎಂದು ಗುಬ್ಬಚ್ಚಿ ಮುಂದೆ ಬಂತು. ಅದರ ಕಣ್ಣೆಲ್ಲ ಸೀಳಿನ ಮೇಲೆಯೇ.

"ನೀನು ಕಾದರೆ ಮುಡಿ ಉಳಿಯುತ್ತೆ ಕಣೋ, ಭತ್ತ ಉಳಿಯಲ್ಲ" ಎಂದು ಹೊನಾಮಿ ನಕ್ಕಳು.

ನರಿಯನ್ನು ಕೇಳಿದಳು. "ದೊಡ್ಡ ದೇವರ ಓಲೆ ಒಯ್ಯಬೇಕು, ಪುರುಸೊತ್ತಿಲ್ಲ" ಎಂದು ನರಿ ಬಾಲ ಎತ್ತಿಕೊಂಡು ಹೊರಟೇಹೋಯಿತು.

ಆಗ ಕೆಂಪು ಹೂವಿನ ಪೊದೆಯಿಂದ ಒಂದು ಹಸಿರು ಹಕ್ಕಿ ಇಣುಕಿತು. "ಅಮ್ಮಾ, ನಾವು ಹೂವಿನ ಜೇನು ಕುಡಿಯೋರು. ಭತ್ತದ ರುಚಿನೇ ಗೊತ್ತಿಲ್ಲ. ನಾವು ಕಾಯ್ಲಾ?"

"ಇಷ್ಟೇ ಇಷ್ಟು ಇದ್ದೀರಲ್ಲೇ!"

"ಏಳು ಜನ ಇದ್ದೀವಲ್ಲಮ್ಮಾ!"

ಬೇರೆ ದಾರಿ ಕಾಣದೆ ಹೊನಾಮಿ ಹೊರಟಳು. ಹೆಜ್ಜೆ ಹೆಜ್ಜೆಗೂ ಹಿಂತಿರುಗಿ ನೋಡುತ್ತಾ ಹೋದಳು.

ಹಿಮ ಬೀಳತೊಡಗಿತು. ಏಳೂ ಹಕ್ಕಿಗಳು ಸೀಳಿನ ಮೇಲೆ ಸಾಲಾಗಿ, ಭುಜಕ್ಕೆ ಭುಜ ಒತ್ತಿಕೊಂಡು ಕೂತವು. ಒಂದು ಹಕ್ಕಿ ಜೇನು ಕುಡಿಯಲು ಹೂವಿಗೆ ಹೋದರೆ ಉಳಿದವು ರೆಕ್ಕೆ ಅಗಲಿಸಿ ಅದರ ಜಾಗ ಮುಚ್ಚುತ್ತಿದ್ದವು.

"ಚೂರು ಸರಿಯಿರೇ, ಒಳಗೆ ಇಣುಕ್ತೀನಿ" ಎಂದಿತು ಉತ್ತರದ ಗಾಳಿ.

"ಸರಿಯೋಕೆ ಜಾಗ ಇಲ್ಲಣ್ಣಾ!" ಎಂದು ಅವು ಇನ್ನಷ್ಟು ಒತ್ತಿಕೊಂಡವು.

ಗಾಳಿ ಸಿಟ್ಟಿನಿಂದ ಬೀಸಿತು. ಹಕ್ಕಿಗಳ ಕಣ್ಣುಗಳು ಉರಿದು ಕೆಂಪಾದವು. ಆದರೂ ಅವು ಜಗ್ಗಲಿಲ್ಲ.

ಸಭೆ ಮುಗಿದದ್ದೇ ಹೊನಾಮಿ ಓಡೋಡಿ ಬಂದಳು. ಕೈಯನ್ನು ಸೀಳಿನೊಳಗೆ ಇಳಿಸಿದಳು. ಕಾಳು ಒಣಗಿಯೇ ಇತ್ತು, ಬೆಚ್ಚಗೂ ಇತ್ತು! ಅವಳಿಗೆ ಅಳು ತಡೆಯಲಾಗಲಿಲ್ಲ. ಹಿಮದಲ್ಲೇ ಮಂಡಿಯೂರಿ, ಹಣೆ ನೆಲಕ್ಕೆ ತಾಗುವಂತೆ ಆ ಹಕ್ಕಿಗಳಿಗೆ ನಮಸ್ಕರಿಸಿದಳು.

"ಅಯ್ಯೋ ಏಳಮ್ಮಾ! ದೇವರಾಗಿ ನೀನು ನಮಗೆ ಕೈ ಮುಗಿಯೋದಾ?"

"ಮಕ್ಕಳ ಅನ್ನ ಉಳಿಸಿದೋರಿಗೆ ಮುಗೀದೆ ಇನ್ಯಾರಿಗೆ ಮುಗೀಲಿ?"

ಬೆರಳ ತುದಿಯಲ್ಲಿ ಹೊಸ ಹಿಮ ತೆಗೆದುಕೊಂಡು, ಉರಿಯುವ ಅವುಗಳ ಕಣ್ಣಿನ ಸುತ್ತ ಮೆಲ್ಲಗೆ ಸವರಿದಳು. ಉರಿ ಇಳಿಯಿತು. ಹಿಮ ಮಾತ್ರ ಕರಗದೆ ಅಲ್ಲೇ ನಿಂತಿತು.

ಅದಕ್ಕೇ ಇವತ್ತಿಗೂ ಈ ಹಸಿರು ಬೆಳ್ಗಣ್ಣ ಹಕ್ಕಿಗಳ ಕಣ್ಣಿನ ಸುತ್ತ ಬಿಳಿ ಬಳೆ. ಚಳಿ ಬಿದ್ದರೆ ಸಾಕು, ಕೊಂಬೆಯ ಮೇಲೆ ಎಷ್ಟೇ ಜಾಗವಿದ್ದರೂ ಅವು ಒತ್ತೊತ್ತಿಕೊಂಡೇ ಕೂರುತ್ತವೆ, ನಡುವೆ ಹಿಮದ ಒಂದು ಹನಿ ಇಳಿಯುವಷ್ಟೂ ಸಂದು ಬಿಡದೆ.