ಎರಡು ಹೆಸರಿನ ಭಂಡಾರ

ಹೊಳೆದಂಡೆಯ ಆಶ್ರಮದಲ್ಲಿ ಆ ದಿನ ನಿರಂಜನನ ಸಿಟ್ಟು ನೆತ್ತಿಗೇರಿತ್ತು. ಮಧ್ಯಾಹ್ನದ ಊಟಕ್ಕೂ ಮುಂಚೆಯೇ ಗುರುಗಳ ಎದುರು ಹೋಗಿ ನಿಂತ.

"ಅಜ್ಜಾರ, ಆ ನೀಲಾಂಬಿಕೆನ್ನ ಇನ್ನ ಮ್ಯಾಲೆ ಕಂಪ್ಯೂಟರ್ ಕೋಣಿಯೊಳಗ ಬಿಡಬ್ಯಾಡ್ರಿ."

ಅಡಿವೆಯ್ಯಜ್ಜ ಏಕತಾರಿಯ ತಂತಿ ಬಿಗಿಯುತ್ತಿದ್ದರು. "ಯಾಕೋ? ಏನ್ ಮಾಡ್ಯಾಳ?"

"ಮಾಡಬಾರದ್ದು ಮಾಡ್ಯಾಳ್ರಿ!"

ತತ್ವಪದ ಹಾಡುವ ಮುದುಕರು ಒಬ್ಬೊಬ್ಬರಾಗಿ ಕಣ್ಮುಚ್ಚುತ್ತಿದ್ದರು. ಅವರ ದನಿಯಾದರೂ ಉಳಿಯಲಿ ಎಂದು ಆಶ್ರಮದವರು ಊರೂರು ತಿರುಗಿ ಹಾಡು ಧ್ವನಿಮುದ್ರಿಸಿಕೊಂಡಿದ್ದರು. ಕೋಣೆಯಲ್ಲಿ ಎರಡು ಸರ್ವರ್‌ಗಳಿದ್ದವು, ಅವುಗಳೊಳಗೆ ಕಂಪ್ಯೂಟರಿನೊಳಗಿನ ಕಂಪ್ಯೂಟರಿನಂಥ ಹಲವು ವರ್ಚುವಲ್ ಮಷೀನ್‌ಗಳು ಓಡುತ್ತಿದ್ದವು. ಹಾಡುಗಳು ಮಾತ್ರ ಬೇರೆಯೇ ಒಂದು ಪೆಟ್ಟಿಗೆಯಲ್ಲಿ, ನೆಟ್‌ವರ್ಕ್ ತಂತಿಯ ಆಚೆ ತುದಿಯಲ್ಲಿದ್ದವು.

ಮೊದಲ ಸರ್ವರ್‌ಗೆ ಆ ಪೆಟ್ಟಿಗೆಯನ್ನು ಜೋಡಿಸಿದವನು ನಿರಂಜನ. ಎರಡನೆಯದಕ್ಕೆ ಜೋಡಿಸಿ, ಅವನ ಜೊತೆ ಆಶ್ರಮದಲ್ಲಿ ಕಲಿಯುವ ನೀಲಾಂಬಿಕೆ ಊರಿಗೆ ಹೋಗಿದ್ದಳು.

"ಪರದೆ ಮ್ಯಾಲೆ ಈಗ ಎರಡು ಸ್ಟೋರೇಜ್ ಪೂಲ್, ಅಂದ್ರ ಹಾಡಿಡೂ ಕಣಜ, ಕಾಣಸ್ತಾವ್ರಿ. ಎರಡರಾಗೂ ಅವೇ ಹಾಡು. ನಾ ಮಾಡಿದ್ದು ಅಸಲಿ. ಅಕಿ ಅದನ್ನೆಲ್ಲಾ ನಕಲು ಮಾಡಿ ತುಂಬಿ ಹೋಗ್ಯಾಳ. ಹೊಸಾ ಹಾಡಿಗೆ ಜಾಗಾನ ಇಲ್ಲ!"

"ಅಕಿನ್ನ ಕೇಳಿದೇನು?"

"ಕೇಳೂದೇನ್ರಿ? ಕಣ್ಣಿಗೆ ಕಾಣಾಕತ್ತೈತಲ್ಲ!"

"ನಾಳೆ ಬರ್ತಾಳ. ಅಲ್ಲೀತನಕ ಕೈ ಹಚ್ಚಬ್ಯಾಡ."

ನಿರಂಜನನ ಮೈಯೆಲ್ಲ ಉರಿಯಿತು. ತಪ್ಪು ಮಾಡಿದವಳು ಊರಲ್ಲಿ ಆರಾಮಾಗಿದ್ದಾಳೆ, ಹಿಡಿದುಕೊಟ್ಟವನಿಗೆ ಬುದ್ಧಿಮಾತು! ಸಿಟ್ಟು ಬಂದಾಗ ಅವನಿಗೆ ತಾನು ಹೇಳಿದ್ದೇ ವೇದವಾಕ್ಯ. ನೆಟ್ಟಗೆ ಕೋಣೆಗೆ ಹೋದ. ಅವಳು ಜೋಡಿಸಿದ ಪೂಲನ್ನು ತೆರೆದು, ಒಳಗಿದ್ದದ್ದನ್ನೆಲ್ಲ ಆರಿಸಿ, ಅಳಿಸಲು ಹಚ್ಚಿದ. ಹಾಡುಗಾರರ ಹೆಸರುಗಳು ಅಕಾರಾದಿಯಾಗಿ ಒಂದೊಂದೇ ಮಾಯವಾಗತೊಡಗಿದವು.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಇಷ್ಟು ಘನಕಾರ್ಯ ಮಾಡಿದವನು ಅದನ್ನು ಅದರ ಪಾಡಿಗೆ ಬಿಟ್ಟು ಎದ್ದು ಬಂದು ಪಂಕ್ತಿಯಲ್ಲಿ ಕೂತ.

ಅಡುಗೆಯ ಗಂಗವ್ವ ಅವನ ತಾಟಿಗೆ ರೊಟ್ಟಿ, ಪಲ್ಯ ನೀಡಿದಳು. ಅಸಲಿ-ನಕಲಿ ಎಂಬ ಅವನ ಮಾತು ಅಜ್ಜಾರ ತಲೆಯಲ್ಲೇ ಇತ್ತು; ಬಂದು ಆ ತಾಟನ್ನು ಎತ್ತಿಕೊಂಡರು.

"ಗಂಗವ್ವ, ಇಲ್ಲಿ ನಿರಂಜನ ಅಂತ ಒಬ್ಬಾಂವ ಉಣ್ಣತಾನ, ಪರಪ್ಪ ಅಂತ ಇನ್ನೊಬ್ಬ. ಇಬ್ಬರದೂ ಒಂದ ಮಾರಿ, ಒಂದ ಹಸಿವು. ಒಬ್ಬಾಂವ ನಕಲಿ ಇರಬೇಕು. ಪರಪ್ಪಗ ಇನ್ನ ಊಟ ಇಲ್ಲ."

ಪರಪ್ಪ ಎನ್ನುವುದು ಅವನಿಗೆ ಮನೆಯವರು ಇಟ್ಟ ಹೆಸರು. ನಿರಂಜನ, ಆಶ್ರಮ ಕೊಟ್ಟದ್ದು.

"ಇದೇನ್ ಅನ್ಯಾಯರಿ ಅಜ್ಜಾರ! ನನ್ನ ತಾಟು ಕೊಡ್ರಿ."

"ನಿಂದು ನಾ ಮುಟ್ಟಿಲ್ಲ. ಪರಪ್ಪಂದು ತಗೊಂಡೀನಿ."

"ಪರಪ್ಪಂದು ತಗೊಂಡ್ರ ನಿರಂಜನ ಉಪಾಸ ಬೀಳ್ತಾನಲ್ರಿ! ಇಬ್ರೂ ನಾನ..."

ಎದ್ದವನೇ ಕೋಣೆಯತ್ತ ಓಡಿದ. ತಾಟು ಅಲ್ಲೇ ಬಿಟ್ಟು ಅಜ್ಜಾರೂ ಹಿಂದೆಯೇ ಬಂದರು.

ನಿರಂಜನ ಮೊದಲು ಅಳಿಸುವುದನ್ನು ನಿಲ್ಲಿಸಿದ. ತಾನು ಅಸಲಿ ಎಂದಿದ್ದ ಪೂಲನ್ನು ತೆರೆದ. ಅಲ್ಲೂ 'ಅ' ಇಲ್ಲ, 'ಆ' ಇಲ್ಲ, 'ಇ' ಇಲ್ಲ.

ಎರಡೂ ಪೂಲ್‌ಗಳ ವಿಳಾಸವನ್ನು ಆಗ ಪಕ್ಕಪಕ್ಕ ಇಟ್ಟು ನೋಡಿದ. ಅವನು ಪೆಟ್ಟಿಗೆಯನ್ನು 'ಭಂಡಾರ' ಎಂಬ ಹೆಸರು ಬರೆದು ಜೋಡಿಸಿದ್ದ. ನೀಲಾಂಬಿಕೆ ಅದೇ ಪೆಟ್ಟಿಗೆಯ ನೆಟ್‌ವರ್ಕ್ ನಂಬರ್ ಬರೆದು ಜೋಡಿಸಿದ್ದಳು. ಹಾಗಾಗಿ ಒಂದೇ ಪೆಟ್ಟಿಗೆ ಪರದೆಯ ಮೇಲೆ ಎರಡಾಗಿ ಕಂಡಿತ್ತು, ನಕಲು ಎಂಬುದೇ ಇರಲಿಲ್ಲ. ನಿಜವಾದ ನಕಲು ಇಟ್ಟಿದ್ದ ಡಿಸ್ಕ್ ಹೋದ ತಿಂಗಳು ಕೆಟ್ಟಿತ್ತು, ಹೊಸದು ಇನ್ನೂ ಬಂದಿರಲಿಲ್ಲ.

ಗಡಬಡಿಸಿ ಈರವ್ವನ ಹಾಡುಗಳನ್ನು ಹುಡುಕಿದ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪದ ಕಲಿಸಿದವಳು ಈರವ್ವ. ಹೋದ ವರ್ಷ ತೀರಿಕೊಂಡಿದ್ದಳು. ಅವಳದು ಒಂದೇ ಹಾಡು ಉಳಿದಿತ್ತು.

ಅದನ್ನು ಒತ್ತಿದ. ಹಾಡಿಗೆ ಮುಂಚೆ ಮುದುಕಿ ಕೆಮ್ಮಿದಳು. "ಪರಪ್ಪಾ, ಹಿಂದ ದನಿ ಹಿಡಿಯೋ" ಎಂದಳು.

ಮರುದಿನ ನೀಲಾಂಬಿಕೆ ಬಂದಳು. ಇಬ್ಬರೂ ಸೇರಿ ವರ್ಚುವಲ್ ಮಷೀನ್‌ಗಳನ್ನು ನಿಲ್ಲಿಸಿ, ಎರಡನೆಯ ಜೋಡಣೆಯನ್ನು ಬಿಚ್ಚಿದರು. ಎರಡೂ ಸರ್ವರ್‌ಗೆ ಪೆಟ್ಟಿಗೆಯ ಒಂದೇ ಹೆಸರನ್ನು ಅಕ್ಷರ ತಪ್ಪದೆ ಕೊಟ್ಟು ಮತ್ತೆ ಜೋಡಿಸಿದರು. ಪರದೆಯ ಮೇಲೆ ಒಂದೇ ಪೂಲ್ ಉಳಿಯಿತು. ಅವಳು ಅಳಿದುಹೋದ ಹಾಡುಗಾರರ ಹೆಸರುಗಳನ್ನು ಒಂದೊಂದಾಗಿ ಬರೆದಿಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಇದನ್ನು ತಡೆದುಕೊಳ್ಳಲು ಆಗಲಿಲ್ಲ.

ಸಂಜೆ ಗುರುಗಳ ಮುಂದೆ ಕೂಗಾಡಿದ.

"ಆ ಸಾಫ್ಟ್‌ವೇರ್ ಬರದವರಿಗೆ ತಲಿ ಐತೇನ್ರಿ? ಪೆಟ್ಟಿಗಿ ಒಂದ ಐತಿ ಅಂತ ಅದಕ್ಕ ತಿಳೀಬಾರ್ದ? ಎರಡು ಅಂತ ಸುಳ್ಳು ತೋರಿಸಿ, ನನ್ನ ಕೈಲೇನ ಈರವ್ವನ್ನ ಅಳಿಸಿಬಿಡ್ತಲ್ರಿ!"

ಅಜ್ಜಾರು ಏಕತಾರಿಯನ್ನು ಕೆಳಗಿಟ್ಟರು. ಅವರ ದನಿ ಏರಿದ್ದನ್ನು ನಿರಂಜನ ಅದುವರೆಗೆ ಕೇಳಿರಲಿಲ್ಲ.

"ಅದು ಎರಡು ಹೆಸರು ತೋರಿಸ್ತು, ಪರಪ್ಪ. ಅದರಾಗ ಒಂದು ನಕಲಿ ಅಂದಾಂವ ನೀನು."